ಚಳಿಗಾಲದ ಜೊಂಡಿನ ಬಣ್ಣ

ಎಡಗಣ್ಣಿನ ಪಟ್ಟಿ ಬಿಚ್ಚಿದಾಗ ಬಣ್ಣದಕ್ಕನಿಗೆ ಮೊದಲು ಕಂಡದ್ದು ಗಂಡನ ತಲೆ.

“ರೀ, ನಿಮ್ಮ ಕೂದಲು ಯಾವಾಗ ಇಷ್ಟು ಬೆಳ್ಳಗಾಯ್ತು?”

“ನಿನ್ನನ್ನ ಕಟ್ಟಿಕೊಂಡ ಮಾರನೇ ದಿನ,” ಎಂದ ಗಂಡ.

ಕಣ್ಣಿನ ಡಾಕ್ಟರ್ ನಕ್ಕಳು. ಬಣ್ಣದಕ್ಕನ ಮಗಳ ವಯಸ್ಸಿನವಳು. ಕೈಯಲ್ಲಿದ್ದ ಪುಟ್ಟ ಟಾರ್ಚ್ ಆರಿಸಿ, ಚಿಕ್ಕ ಮಕ್ಕಳಿಗೆ ಹೇಳುವಂತೆ ಬಿಡಿಸಿ ಹೇಳಿದಳು. “ಇಷ್ಟು ದಿನ ನೀವು ಲೋಕವನ್ನೆಲ್ಲ ಕಡು ಟೀ ಮೂಲಕ ನೋಡ್ತಿದ್ರಿ ಅಂದ್ಕೊಳ್ಳಿ ಆಂಟಿ. ಪೊರೆ ಹಳದಿಯಾಗಿ, ಕಂದಾಗಿ ಬಲಿತುಬಿಟ್ಟಿತ್ತು. ನೀಲಿ ಅನ್ನೋದು ನಿಮ್ಮ ಕಣ್ಣೊಳಗೇ ಬರ್ತಿರಲಿಲ್ಲ. ಈಗ ನೋಡಿ, ಎಲ್ಲ ತೊಳೆದಿಟ್ಟ ಹಾಗೆ ಕಾಣ್ಬೇಕು. ಬಲಗಣ್ಣು ಮುಂದಿನ ತಿಂಗಳು ಮಾಡೋಣ.”

“ಎಷ್ಟು ದಿನದಿಂದ ಹೀಗಿತ್ತು?”

“ಎರಡು ವರ್ಷ, ಮೂರು ವರ್ಷ. ನಿಧಾನಕ್ಕೆ ಬೆಳೆಯುತ್ತೆ. ಅನುಭವಿಸೋರಿಗೇ ಗೊತ್ತಾಗಲ್ಲ.”

ಬೇರೆ ಯಾರಾದರೂ ಆಗಿದ್ದರೆ ಡಾಕ್ಟರ ಕೈ ಹಿಡಿದು ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಬಣ್ಣದಕ್ಕ ಸುಮ್ಮನೆ ಕಪ್ಪು ಕನ್ನಡಕ ಹಾಕಿಕೊಂಡು ಎದ್ದಳು. ಅವಳ ಕಿವಿಯಲ್ಲಿ ಒಂದೇ ಮಾತು ಕೂತುಬಿಟ್ಟಿತ್ತು: ನೀಲಿ ಒಳಗೇ ಬರ್ತಿರಲಿಲ್ಲ.

ಮನೆ ಬಾಗಿಲು ತೆರೆದಾಗ ಅದು ಕಣ್ಣಿಗೆ ಹೊಡೆಯಿತು. ಹೋದ ಚಳಿಗಾಲದಲ್ಲಿ ನಡುಮನೆಗೆ ಅವಳೇ ಕೂತು ಕಲಸಿದ ಬಣ್ಣ. ಸೂರ್ಯ ಇನ್ನೂ ಹುಟ್ಟದ ಹೊತ್ತಿನಲ್ಲಿ ಕೆರೆಯ ಮೇಲಿನ ಮಂಜು ಹೇಗಿರುತ್ತದೋ ಹಾಗೆ, ಬೂದಿಯ ಒಳಗೊಂದು ಬಿಸಿ ಇರುವ ಬಿಳುಪು ಬೇಕೆಂದು ವಾರಗಟ್ಟಲೆ ಪಟ್ಟು ಹಿಡಿದು ಮಾಡಿದ್ದು. ಈಗ ಅವಳ ಮುಂದೆ ನಿಂತಿದ್ದ ಗೋಡೆಯಲ್ಲಿ ಮಂಜೂ ಇರಲಿಲ್ಲ, ಬೆಳಗೂ ಇರಲಿಲ್ಲ. ಐಸ್ ಫ್ಯಾಕ್ಟರಿಯ ಒಳಗೋಡೆಯಂತಿತ್ತು. ನಾಲ್ಕೂ ಕಡೆ ನೀಲಿ. ಸೋಫಾದ ಮೇಲೆ ಗಂಡನ ಸ್ವೆಟರ್ ಬಿದ್ದಿತ್ತು.

ಅವಳು ಎಡಗಣ್ಣು ಮುಚ್ಚಿ ಬಲಗಣ್ಣಿನಿಂದ ನೋಡಿದಳು. ಹಿತವಾದ ಮಂಜು. ಬಲಗಣ್ಣು ಮುಚ್ಚಿ ಎಡಗಣ್ಣಿನಿಂದ ನೋಡಿದಳು. ಐಸ್ ಫ್ಯಾಕ್ಟರಿ.

“ಒಂದು ವರ್ಷ ಇದರೊಳಗೇ ಇದ್ರಲ್ಲ, ಒಂದು ದಿನ ಆದ್ರೂ ಹೇಳಬಾರದಿತ್ತಾ?”

ಗಂಡ ಔಷಧಿಯ ಚೀಟಿ ಓದುವ ನೆಪದಲ್ಲಿ ತಲೆ ಎತ್ತಲಿಲ್ಲ. “ಬಣ್ಣದ ವಿಷಯದಲ್ಲಿ ನಿನ್ನ ಮುಂದೆ ಬಾಯಿ ಬಿಟ್ಟು ಬದುಕಿದವರು ಯಾರಿದಾರೆ ಹೇಳು?”

“ಅದಕ್ಕೆ?”

“ಅದಕ್ಕೆ ಸ್ವೆಟರ್ ಹಾಕ್ಕೊಂಡೆ.”

ಅವನು ತಮಾಷೆಗೇ ಹೇಳಿದ್ದು. ಬಣ್ಣದಕ್ಕ ನಗದೆ ಸ್ವೆಟರ್ ಎತ್ತಿ ಮಡಿಸಿಟ್ಟಳು. ಬಾಯಿ ಬಿಟ್ಟವಳು ಒಬ್ಬಳಿದ್ದಳು. ಅವಳಿಗೆ ಏನಾಯಿತೆಂಬುದು ಗಂಡನಿಗೆ ಗೊತ್ತಿರಲಿಲ್ಲ.

ಇಪ್ಪತ್ತೆರಡು ವರ್ಷದಿಂದ ಬಣ್ಣದಕ್ಕ ಪೇಂಟಿನ ಅಂಗಡಿಯ ಕೌಂಟರಿನಲ್ಲಿದ್ದಾಳೆ. ಮದುವೆಯಾಗಿ ಬಂದ ಸೊಸೆ ಯಾವ ಬಣ್ಣ ಕೇಳುತ್ತಾಳೆ, ಅದೇ ಮನೆಯ ಅತ್ತೆ ಯಾವುದಕ್ಕೆ ಮೂಗು ಮುರಿಯುತ್ತಾಳೆ, ಇಬ್ಬರನ್ನೂ ಒಂದೇ ಡಬ್ಬಿಯಲ್ಲಿ ಒಪ್ಪಿಸುವುದು ಹೇಗೆ, ಎಲ್ಲ ಅವಳಿಗೆ ನಾಲಗೆಯ ತುದಿಯಲ್ಲಿತ್ತು. ಕೆಂಪು ಕೇಳಿ ಬಂದವರು ಅವಳ ಮಾತು ಕೇಳಿ ಇಟ್ಟಿಗೆಯ ಬಣ್ಣ ಒಯ್ದು, ವರ್ಷ ಕಳೆದ ಮೇಲೂ ಹೊಗಳುತ್ತಿದ್ದರು. ಆದರೆ ಅವಳ ಹೆಸರು ನಿಂತದ್ದು ಚಳಿಗಾಲದ ಹಲಗೆಯಿಂದ.

ಬೇರೆ ಕಾಲದಲ್ಲೆಲ್ಲ ಹಸಿರು ಎಲ್ಲದರ ಮೇಲೂ ಹೊದಿಕೆ ಹೊದಿಸಿರುತ್ತದೆ, ನೆಲದ ನಿಜವಾದ ಬಣ್ಣ ತಿಳಿಯಬೇಕಾದರೆ ಚಳಿಗಾಲದಲ್ಲೇ ನೋಡಬೇಕು ಎನ್ನುತ್ತಿದ್ದಳು. ಎಲೆ ಉದುರಿದ ಮರದ ತೊಗಟೆ ಕಂದಲ್ಲ, ಅದರಲ್ಲಿ ನೇರಳೆ ಇದೆ. ಒಣಗಿದ ಬೀಜದ ಬುರುಡೆಯ ಒಳಗಡೆ ಮುತ್ತಿನ ಬಿಳುಪು. ಕೆರೆಯಂಚಿನ ಜೊಂಡು ಒಣಗಿದರೆ ಹುಲ್ಲಿನದೂ ಅಲ್ಲದ, ಜೇನಿನದೂ ಅಲ್ಲದ ಒಂದು ಬಣ್ಣ. ಪ್ರತಿ ವರ್ಷ ಚಳಿ ಬೀಳುತ್ತಲೇ ಶಾಲು ಹೊದ್ದು ಕೆರೆಯ ಸುತ್ತ ನಡೆದು, ಚೀಲ ತುಂಬ ಕಸ ಹೊತ್ತು ತರುತ್ತಿದ್ದಳು. “ಊರಿನವರು ಮನೆಯ ಕಸ ಹೊರಗೆ ಹಾಕ್ತಾರೆ, ನನ್ನ ಹೆಂಡತಿ ಹೊರಗಿನದನ್ನ ಒಳಗೆ ತರ್ತಾಳೆ,” ಎನ್ನುತ್ತಿದ್ದ ಗಂಡ. ಆ ತೊಗಟೆ, ಹಕ್ಕಿಯ ಗರಿ, ಜೊಂಡು ಒಂದು ಹಲಗೆಯ ಮೇಲೆ ಸಾಲಾಗಿ ಅಂಟುತ್ತಿದ್ದವು. ಒಂದೊಂದರ ಪಕ್ಕದಲ್ಲೂ ಅದೇ ಬಣ್ಣದ ಒಂದು ಚೌಕ. ಜನ ಬಂದು ಬೆರಳಿಟ್ಟು, “ಈ ತೊಗಟೆ ನಮ್ಮ ಮಲಗೋ ಕೋಣೆಗೆ,” “ಈ ಗರಿ ಮೆಟ್ಟಿಲಿನ ಗೋಡೆಗೆ,” ಎಂದು ಆರಿಸಿಕೊಳ್ಳುತ್ತಿದ್ದರು.

ಅಂಗಡಿಗೆ ಬಣ್ಣ ಕಲಸುವ ಮೆಷೀನು ಬಂದು ಎಷ್ಟೋ ವರ್ಷವಾಯಿತು. ಅದು ಅಳೆದು ಸುರಿದು, ಯಾವುದು ಎಷ್ಟು ಸೇರಿತೆಂಬ ಚೀಟಿಯನ್ನು ಮುದ್ರಿಸಿ ಡಬ್ಬಿಗೆ ಅಂಟಿಸುತ್ತದೆ. ಆದರೂ ಕಡೆಯ ನಾಲ್ಕು ಹನಿ ಬಣ್ಣದಕ್ಕನದೇ. ಪಿಚಕಾರಿಯಲ್ಲಿ ಹಿಡಿದು, ಕಣ್ಣು ಕಿರಿದು ಮಾಡಿ, ಇಲ್ಲೊಂದು ಹನಿ ಕಪ್ಪು, ಅಲ್ಲೊಂದು ಹನಿ ನೀಲಿ. “ಮೆಷೀನು ಬೇಯಿಸುತ್ತೆ, ಉಪ್ಪು ನಾನು ಹಾಕ್ತೀನಿ,” ಎಂದು ನಗುತ್ತಿದ್ದಳು. ಆ ಹನಿಗಳು ಯಾವ ಚೀಟಿಯಲ್ಲೂ ಬರುತ್ತಿರಲಿಲ್ಲ.

ಈ ವರ್ಷದ ಹಲಗೆಯಲ್ಲಿ ಅವಳಿಗೆ ಯಾಕೋ ಯಾವ ಬಣ್ಣವೂ ಬೇಗ ಕೂಡಿಬಂದಿರಲಿಲ್ಲ. ನೀಲಿ ಒಂದು ಹನಿ ಹಾಕಿದರೂ ಗೊತ್ತಾಗದು, ಎರಡು ಹಾಕಿದರೂ ಗೊತ್ತಾಗದು. ಡಬ್ಬಿಯೇ ಹಾಳೆಂದು ಬೈದುಕೊಂಡು ಹತ್ತು ಹಾಕಿದ್ದಳು.

ಪಟ್ಟಿ ಬಿಚ್ಚಿದ ಎರಡನೆಯ ದಿನ ಗಂಡ ಬೇಡವೆಂದರೂ ಅಂಗಡಿಗೆ ಹೋದಳು. ಹಲಗೆ ಬಾಗಿಲ ಪಕ್ಕದಲ್ಲೇ ತೂಗುತ್ತಿತ್ತು. ಹನ್ನೆರಡು ವಸ್ತು, ಹನ್ನೆರಡು ಚೌಕ. ಬಲಗಣ್ಣು ಮುಚ್ಚಿದಳು. ತೊಗಟೆ ತೊಗಟೆಯಾಗಿತ್ತು, ಗರಿ ಗರಿಯಾಗಿತ್ತು. ಪಕ್ಕದ ಚೌಕಗಳೆಲ್ಲ ಏಟು ಬಿದ್ದು ಕಂದಿದ ಚರ್ಮದಂತೆ ನೀಲಿಗಟ್ಟಿದ್ದವು. ಒಂಬತ್ತನೆಯದು ಜೊಂಡು. ಒಣಗಿ ಹೊಂಬಣ್ಣಕ್ಕೆ ತಿರುಗಿದ ಆ ಕಡ್ಡಿಯ ಪಕ್ಕದಲ್ಲಿದ್ದದ್ದು ಹಸಿರೂ ಅಲ್ಲದ ಬೂದಿಯೂ ಅಲ್ಲದ, ನಿಂತ ನೀರಿನ ಪಾಚಿಯ ಬಣ್ಣ.

ಎರಡೂವರೆ ತಿಂಗಳು ಅದು ಬಾಗಿಲಲ್ಲಿ ನೇತಾಡಿತ್ತು. ಬಂದವರಲ್ಲಿ ಹೆಚ್ಚಿನವರು “ಈ ಸಲದ್ದು ಸ್ವಲ್ಪ ತಂಪಾಗಿದೆ ಅಲ್ವಾ?” ಎಂದು ಮೆಲ್ಲಗೆ ಹೇಳಿ ಬಿಳಿ ಡಬ್ಬಿ ಒಯ್ದಿದ್ದರು. ಅವರದು ಮರ್ಯಾದೆ ಎಂದು ಈಗ ತಿಳಿಯಿತು.

ಹಲಗೆ ಇಳಿಸಲು ಕೈ ಚಾಚಿದಾಗ ಅಂಗಡಿಯ ಯಜಮಾನರು ಹಿಂದೆ ಬಂದು ನಿಂತರು. ಅವಳು ಹೇಳಿದ್ದನ್ನು ಪೂರ್ತಿ ಕೇಳಿ, ರಸ್ತೆಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದರು.

“ಆಗಿದ್ದು ಆಯ್ತಮ್ಮ. ಕಣ್ಣಿನ ವಿಷಯ ಹೊರಗೆಲ್ಲೂ ಆಡಬೇಡ. ಬಣ್ಣದ ಅಂಗಡೀಲಿ ಬಣ್ಣ ಕಾಣದವಳನ್ನ ಕೂರಿಸಿದ್ರು ಅಂದ್ರೆ ನಾಳೆ ನಾನು ಇಲ್ಲಿ ಮೊಳೆ ಮಾರಬೇಕು.”

“ಟೀಚರಮ್ಮನ ಮನೆ ಗೋಡೆ...”

“ಅದು ಏಣಿ ತಲೆ ಮೇಲೆ ಹೋಯ್ತಲ್ಲ. ಮುಗೀತು. ಬೆಂಕಿ ಆರಿದ ಮೇಲೆ ಬೂದಿ ಯಾಕೆ ಕೆದಕ್ತೀಯ?”

ಏಣಿ ಎಂದರೆ ಪೇಂಟರ್. ಕುಳ್ಳಗಿನ ಹೆಣ್ಣು, ಮೂವತ್ತೈದರ ಆಸುಪಾಸು. ಹೆಗಲ ಮೇಲೆ ಏಣಿಯಿಲ್ಲದೆ ಅವಳನ್ನು ಯಾರೂ ಕಂಡವರಿಲ್ಲವಾದ್ದರಿಂದ ಆ ಹೆಸರು. ಅಪ್ಪನಿಂದ ಬಂದ ಕೈಗುಣ. ಅವಳು ಬಳಿದ ಗೋಡೆಯ ಮೇಲೆ ಕುಂಚದ ಗೆರೆ ಹುಡುಕಿದರೂ ಸಿಗದು. ಬಣ್ಣದಕ್ಕ ಬಣ್ಣ ಹೇಳುವುದು, ಏಣಿ ಬಳಿಯುವುದು, ಹೀಗೆ ಒಂಬತ್ತು ವರ್ಷ ನಡೆದಿತ್ತು. ಬಣ್ಣದಕ್ಕನ ನಡುಮನೆಗೂ ಬಣ್ಣ ಹಚ್ಚಿದ್ದು ಅವಳೇ. ಹಚ್ಚುವಾಗ, “ಅಕ್ಕ, ಚೂರು ನೀಲಿ ಆಯ್ತೇನೋ,” ಎಂದಿದ್ದಳು. “ಒಣಗಲಿ ಇರು,” ಎಂದು ಬಣ್ಣದಕ್ಕ ಬಾಯಿ ಮುಚ್ಚಿಸಿದ್ದಳು.

ಟೀಚರಮ್ಮನ ಮನೆಯ ಸಂಗತಿ ಬೇರೆ. ಅದನ್ನು ನೆನೆಯುವಾಗಲೆಲ್ಲ ಬಣ್ಣದಕ್ಕ ಮನಸ್ಸಿನೊಳಗೇ ಮುಖ ತಿರುಗಿಸುತ್ತಿದ್ದಳು. ಈಗ ತಿರುಗಿಸಲು ಜಾಗವಿರಲಿಲ್ಲ.

ಟೀಚರಮ್ಮ ಬೆರಳಿಟ್ಟಿದ್ದು ಪಕ್ಕದ ಚೌಕದ ಮೇಲಲ್ಲ, ಹಲಗೆಯ ಒಂಬತ್ತನೆಯ ಕಡ್ಡಿಯ ಮೇಲೆ. ವಯಸ್ಸಾದ ಅಪ್ಪ ದಿನವಿಡೀ ಮುಂದಿನ ಕೋಣೆಯಲ್ಲೇ ಕೂರುತ್ತಾನೆ, ಅವನಿಗೆ ಬೆಚ್ಚಗಿರಲಿ ಎಂದು. ಮೊದಲ ಕೋಟು ಹಚ್ಚಿದ ದಿನವೇ ಏಣಿ ಫೋನ್ ಮಾಡಿದ್ದಳು. “ಅಕ್ಕ, ಒಣಗಿದ ಮೇಲೂ ನೀಲಿ ಹೊಡೀತಿದೆ. ಒಂದು ಸಲ ಬಂದು ನೋಡ್ತೀರಾ?”

“ನೀನು ಹಚ್ಚು. ನೋಡೋದು ನನಗೆ ಬಿಡು,” ಎಂದಿದ್ದಳು ಬಣ್ಣದಕ್ಕ.

ಮೂರನೆಯ ದಿನ ಟೀಚರಮ್ಮನೇ ಕರೆಸಿದಳು. ಹೋದಾಗ ಏಣಿ ಬಕೆಟ್ಟಿನಲ್ಲಿ ಕುಂಚ ತೊಳೆಯುತ್ತಿದ್ದಳು. ಅಜ್ಜ ಕುರ್ಚಿಯಲ್ಲಿದ್ದ.

“ಇದಾ ನೀವು ತೋರಿಸಿದ ಜೊಂಡು? ಈ ಗೋಡೆ ಮುಂದೆ ಕೂತ್ರೆ ನಮ್ಮಪ್ಪ ಹೆಣದ ಹಾಗೆ ಕಾಣ್ತಾರೆ!”

“ಇನ್ನೂ ಸ್ವಲ್ಪ ದಿನ ಇದೆ ಕಣೇ, ಅವಸರ ಮಾಡಬೇಡ,” ಎಂದಿದ್ದ ಅಜ್ಜ.

ಬಣ್ಣದಕ್ಕ ಗೋಡೆ ನೋಡಿದಳು. ಮಾಗಿದ ಜೊಂಡು. ಬಿಸಿಲು ಹೀರಿದ, ಹಿತವಾದ, ಅವಳು ಬಯಸಿದ್ದ ಅದೇ ಬಣ್ಣ. ಟೀಚರಮ್ಮನ ಮುಖ ನೋಡಿದಳು. ಅಜ್ಜನ ಮುಖ ನೋಡಿದಳು. ಏಣಿಯ ಮುಖ ನೋಡಿದಳು. ಮೂವರೂ ಏನನ್ನೋ ನೋಡುತ್ತಿದ್ದರು, ಅದು ಅವಳಿಗೆ ಕಾಣುತ್ತಿರಲಿಲ್ಲ. ಕತ್ತಲಲ್ಲಿ ಇಲ್ಲದ ಮೆಟ್ಟಿಲಿನ ಮೇಲೆ ಕಾಲಿಟ್ಟಂತೆ ಎದೆ ಧಸಕ್ಕೆಂದಿತು. “ನನಗೆ ಕಾಣ್ತಿಲ್ಲ,” ಎನ್ನಬಹುದಿತ್ತು. ಆ ಮಾತು ಗಂಟಲಿನವರೆಗೆ ಬಂದಿತ್ತು ಕೂಡ.

ಅದನ್ನು ನುಂಗಿ ಅವಳು ಗೋಡೆಯ ಹತ್ತಿರ ಹೋದಳು. ಬೆರಳಿನಿಂದ ಉಜ್ಜಿದಳು. ಮೂಸಿದಳು. ಹುಬ್ಬು ಗಂಟಿಕ್ಕಿದಳು.

“ಹೌದು. ನೀಲಿ ಹೊಡೀತಿದೆ. ಡಬ್ಬಿಯಲ್ಲಿ ಹೀಗಿರಲಿಲ್ಲ,” ಎಂದು ಚೀಟಿಯ ಕಡೆ ಕೈ ತೋರಿಸಿದಳು. “ನೋಡಿ ಟೀಚರಮ್ಮ, ಮೆಷೀನ್ ಚೀಟೀಲಿ ನೀಲಿ ಎಷ್ಟಿದೆ ಅಂತ. ಏಣಿ, ಹಳೇ ಕಲೆ ಮುಚ್ಚೋಕೆ ನೀಲಿ ಏನಾದ್ರೂ ಕಲಸಿದ್ಯಾ?”

ಹಿಂದೆ ಪೇಂಟರುಗಳು ಸುಣ್ಣಕ್ಕೆ ನೀಲಿ ಹಾಕುತ್ತಿದ್ದ ಚಾಳಿ ಎಲ್ಲರಿಗೂ ಗೊತ್ತಿದ್ದದ್ದೇ. ಕೇಳಿದ್ದು ಪ್ರಶ್ನೆಯ ಹಾಗಿತ್ತು, ಆದರೆ ಅದು ತೀರ್ಪು. ಏಣಿ “ಅಕ್ಕಾ!” ಎಂದಳು. ಅಷ್ಟೇ. ಆಮೇಲೆ ಬಕೆಟ್ಟಿನ ನೀರು ಚೆಲ್ಲಿ, ತನ್ನ ಏಣಿ ಹೊತ್ತು ಹೊರಟುಹೋದಳು.

ಆ ದಿನದಿಂದ ಬಣ್ಣದಕ್ಕ ಡಾಕ್ಟರ ಬಳಿ ಹೋಗಬಹುದಿತ್ತು. ಹೋಗಲಿಲ್ಲ. ತಿಳಿದುಬಿಟ್ಟರೆ ಎಂಬ ಹೆದರಿಕೆ. ಎರಡು ತಿಂಗಳಾದ ಮೇಲೆ ಹೊಸ್ತಿಲು ಎಡವಿ ಬಿದ್ದು, ಗಂಡ ಬೈದು ಎಳೆದೊಯ್ದಾಗಲೇ ಹೋದದ್ದು.

ಯಜಮಾನರು ಟೀ ಕುಡಿಯಲು ಹೋದ ಹೊತ್ತಿನಲ್ಲಿ ಬಣ್ಣದಕ್ಕ ಹಲಗೆ ಇಳಿಸಿ, ಗೋಡೆಗೆ ಮುಖ ಮಾಡಿ ಒರಗಿಸಿ ಹೊರಟಳು. ಏಣಿ ಎಲ್ಲಿ ಸಿಗುತ್ತಾಳೆಂದು ಮೊಳೆ ಕೊಳ್ಳಲು ಬಂದ ಬಡಗಿ ಹೇಳಿದ್ದ. ಊರಾಚೆಯ ಪಾರ್ಕಿನಲ್ಲಿ, ಕಂಬಿ ಬೇಲಿಗೆ ಬಣ್ಣ ಹಚ್ಚುತ್ತಿದ್ದಾಳೆ. ಮನೆಯೊಳಗಿನ ಕೆಲಸಕ್ಕೆ ಅವಳನ್ನು ಈಗ ಯಾರೂ ಕರೆಯುತ್ತಿಲ್ಲ.

ಪಾರ್ಕಿನ ಮರಗಳಲ್ಲಿ ಒಂದೆಲೆ ಇರಲಿಲ್ಲ. ಏಣಿ ಮಣೆಯ ಮೇಲೆ ಕುಕ್ಕರಗಾಲಿನಲ್ಲಿ ಕೂತು, ಒಂದೊಂದೇ ಕಂಬಿಗೆ ಕಪ್ಪು ಬಳಿಯುತ್ತಿದ್ದಳು. ಮುಂದೆ ಇನ್ನೂ ಮುನ್ನೂರು ಕಂಬಿ ಇದ್ದಿರಬೇಕು.

“ಓಹೋ, ಕಪ್ಪು ಕನ್ನಡಕ! ಸಿನಿಮಾಕ್ಕೆ ಸೇರಿದ್ರಾ?” ಎಂದಳು, ನಗದೆ.

“ಕಣ್ಣಿನ ಆಪರೇಷನ್ ಆಯ್ತು.”

“ಒಳ್ಳೇದಾಗ್ಲಿ.” ಕುಂಚ ಮತ್ತೆ ಕಂಬಿಗೆ ಹೋಯಿತು.

ಬಣ್ಣದಕ್ಕನಿಗೆ ಎಲ್ಲಿಂದ ಶುರು ಮಾಡುವುದೋ ತಿಳಿಯಲಿಲ್ಲ. ತಿಳಿಯದವರು ಕೇಳುವ ಹಾಗೆ ಕೇಳಿದಳು. “ಒಳಗಿನ ಕೆಲಸ ಬಿಟ್ಟುಬಿಟ್ಯಾ?”

“ನಾನೆಲ್ಲಿ ಬಿಟ್ಟೆ? ಅದೇ ನನ್ನ ಬಿಡ್ತು.” ಏಣಿ ಡಬ್ಬಿಯ ಅಂಚಿಗೆ ಕುಂಚ ಒರೆಸಿದಳು. “ಕಪ್ಪೇ ಒಳ್ಳೇದು ಬಿಡಿ. ಇದಕ್ಕೆ ಏನು ಕಲಸಿದೆ ಅಂತ ಯಾರೂ ಕೇಳಲ್ಲ.”

ಬಣ್ಣದಕ್ಕ ಒದ್ದೆ ಹುಲ್ಲಿನ ಮೇಲೇ ಕೂತಳು. ಪೊರೆಯ ಕಥೆ ಹೇಳಿದಳು. ಕಡು ಟೀ, ಒಳಗೆ ಬಾರದ ನೀಲಿ, ನಡುಮನೆ, ಹಲಗೆ, ಹತ್ತು ಹನಿ. ಟೀಚರಮ್ಮನ ಡಬ್ಬಿಗೂ ಹಾಗೆಯೇ ಹಾಕಿದ್ದೆ, ತಪ್ಪು ನನ್ನದು, ನಿನ್ನದಲ್ಲ ಎಂದಳು.

ಕೇಳುತ್ತ ಕೇಳುತ್ತ ಏಣಿಯ ಕೈ ನಿಂತಿತು. ಕುಂಚವನ್ನು ಡಬ್ಬಿಯಲ್ಲಿ ಬಿಟ್ಟು, ತೋಳಿನಿಂದ ಮೂಗು ಒರೆಸಿಕೊಂಡು, ಇದ್ದಕ್ಕಿದ್ದಂತೆ ನಕ್ಕಳು. “ಅಯ್ಯೋ ಅಕ್ಕ! ಕಣ್ಣಾ? ನಾನೇನು ಅಂದ್ಕೊಂಡಿದ್ದೆ ಗೊತ್ತಾ? ಬೇಕಂತಲೇ ನನ್ನ ತಲೆಗೆ ಕಟ್ಟಿದ್ರಿ ಅಂದ್ಕೊಂಡಿದ್ದೆ! ಎರಡು ತಿಂಗಳಿಂದ ನಿಮ್ಮನ್ನ ಬೈಯದ ದಿನ ಇಲ್ಲ. ನಮ್ಮಮ್ಮ ಹೇಳ್ತಾನೇ ಇದ್ಲು, ಆಯಮ್ಮ ಅಂಥವಳಲ್ಲ ಕಣೇ, ಏನೋ ಆಗಿರ್ಬೇಕು ಅಂತ. ಕಾಣದವರ ಮೇಲೆ ಹಗೆ ಸಾಧಿಸಿದೆನಲ್ಲ, ನನ್ನ ಬಾಯಿಗಿಷ್ಟು...”

ಅವಳು ಚೀಲದಿಂದ ಫ್ಲಾಸ್ಕ್ ತೆಗೆದು, ಮುಚ್ಚಳಕ್ಕೇ ಟೀ ಬಗ್ಗಿಸಿ ಕೊಟ್ಟಳು. ಬೆರಳುಗಳ ಸಂದಿಯಲ್ಲೆಲ್ಲ ಕಪ್ಪು. ಮುಚ್ಚಳದ ಅಂಚಿನಲ್ಲಿ ಮಾತ್ರ ಅದು ತಾಗದಂತೆ ಹಿಡಿದಿದ್ದಳು.

ಬಣ್ಣದಕ್ಕ ಟೀ ಹಿಡಿದು ಕೂತಳು. ಇಲ್ಲಿಗೆ ನಿಲ್ಲಿಸಿದರೆ ಆಗುತ್ತದೆ. ಕಣ್ಣು ಎಲ್ಲವನ್ನೂ ಹೊತ್ತುಕೊಳ್ಳಲು ತಯಾರಿದೆ. ಏಣಿಯೂ ಅವಳನ್ನು ಆ ಪೊರೆಯ ಹಿಂದೆ ಬಚ್ಚಿಡಲು ಸಿದ್ಧಳಿದ್ದಾಳೆ. ತಪ್ಪು ಮಾಡದವಳು ಕ್ಷಮೆ ಕೇಳುತ್ತಿದ್ದಾಳೆ, ತಪ್ಪು ಮಾಡಿದವಳು ಅವಳ ಟೀ ಕುಡಿಯುತ್ತಿದ್ದಾಳೆ. ಅವಳು ಮುಚ್ಚಳವನ್ನು ಹುಲ್ಲಿನ ಮೇಲಿಟ್ಟಳು.

“ಬಣ್ಣ ತಪ್ಪಿದ್ದು ಕಣ್ಣಿಂದ,” ಎಂದಳು. “ಆ ಮಾತು ಕಣ್ಣಿಂದ ಬಂದಿದ್ದಲ್ಲ.”

“ಯಾವ ಮಾತು?”

“ಆವತ್ತು ಟೀಚರಮ್ಮನ ಮನೇಲಿ ನನಗೆ ನೀಲಿ ಕಾಣಲೇ ಇಲ್ಲ. ಗೋಡೆ ಸರಿಯಾಗೇ ಕಾಣ್ತಿತ್ತು. ನಿಮಗೆಲ್ಲ ಕಾಣ್ತಿದೆ, ನನಗೊಬ್ಬಳಿಗೇ ಇಲ್ಲ ಅಂತ ಆ ಕ್ಷಣಕ್ಕೇ ಗೊತ್ತಾಯ್ತು. ಹೆದರಿಕೆ ಆಯ್ತು. ಕಾಣ್ತಿದೆ ಅಂತ ನಾಟಕ ಮಾಡಿದೆ. ನೀನು ಏನೂ ಕಲಸಿಲ್ಲ ಅಂತ ಗೊತ್ತಿದ್ದೇ ನಿನ್ನ ಹೆಸರು ಹೇಳಿದೆ. ಹನಿ ಹಾಕಿದ್ದು ನಾನು, ಚೀಟಿ ತೋರಿಸಿದ್ದೂ ನಾನು.”

ಏಣಿಯ ಮುಖದ ಮೇಲೆ ಈಗಷ್ಟೇ ಬಂದಿದ್ದ ನಗು ಒಳಗೆ ಹೋಗುವುದನ್ನು ಬಣ್ಣದಕ್ಕ ತನ್ನ ಹೊಸ ಕಣ್ಣಿನಿಂದ ಚೆನ್ನಾಗಿ ನೋಡಿದಳು.

“ಕಣ್ಣಿನ ಮಾತಿಗೇ ನಿಲ್ಲಿಸಿದ್ರೆ ಏನಾಗ್ತಿತ್ತು ನಿಮಗೆ?” ಎಂದಳು ಏಣಿ ಕೊನೆಗೆ. “ನಾನು ಇವತ್ತು ನೆಮ್ಮದಿಯಾಗಿ ಮನೆಗೆ ಹೋಗ್ತಿದ್ದೆ.”

“ಗೊತ್ತು.”

“ಗೊತ್ತಿದ್ದೂ ಹೇಳಿದ್ರಿ. ನಿಮ್ಮ ಹೊಟ್ಟೆ ಹಗುರ ಆಗ್ಲಿ ಅಂತ ನನ್ನ ಹೊಟ್ಟೆಗೆ ಸುರಿದ್ರಿ.”

ಬಣ್ಣದಕ್ಕ ಹೌದೆಂದು ತಲೆಯಾಡಿಸಿದಳು. ಸುಳ್ಳೇನಲ್ಲ ಅದು.

“ನನ್ನ ಹತ್ರ ಹೇಳಿ ಏನು ಬಂತು? ಈ ಕಂಬಿಗಳು ಕೇಳಿಸಿಕೊಂಡು ಯಾರಿಗಾದ್ರೂ ಹೇಳ್ತಾವಾ? ಎಲ್ಲಿ ಅಂದ್ರೋ ಅಲ್ಲಿ ಹೋಗಿ ಹೇಳಿ.”

“ಬಾ, ಹೋಗೋಣ.”

“ಈಗಲೇ?”

“ಸಂಜೆ ಅಂದ್ರೆ ನಾಳೆ ಅಂತೀನಿ. ನಾಳೆ ಅಂದ್ರೆ ಬಲಗಣ್ಣೂ ಆಗ್ಲಿ ಅಂತೀನಿ. ನನ್ನನ್ನ ನಾನು ಬಲ್ಲೆ.”

ಏಣಿ ಬಹಳ ನಿಧಾನವಾಗಿ ಕುಂಚ ತೊಳೆದಳು. ಡಬ್ಬಿಗೆ ಮುಚ್ಚಳ ಬಡಿದಳು. ದಾರಿಯುದ್ದಕ್ಕೂ ಎರಡು ಹೆಜ್ಜೆ ಹಿಂದೆಯೇ ನಡೆದಳು. ಮುಂದೆ ನಡೆಯುವವಳಿಗೆ ಅವಳ ಚಪ್ಪಲಿಯ ಸದ್ದು ಮಾತ್ರ ಕೇಳಿಸುತ್ತಿತ್ತು.

ಟೀಚರಮ್ಮ ಆಗ ತಾನೇ ಶಾಲೆಯಿಂದ ಬಂದಿದ್ದಳು. ಬಾಗಿಲಲ್ಲಿ ಇಬ್ಬರನ್ನೂ ಕಂಡು, ಅದರಲ್ಲೂ ಏಣಿಯನ್ನು ಕಂಡು, ಮುಖ ಸಿಂಡರಿಸಿದಳು. “ಇನ್ನೊಂದ್ಸಲ ಮನೆ ಕೆದರಿ ಹಾಕೋ ಶಕ್ತಿ ನನಗಿಲ್ಲ. ಇದ್ದ ಹಾಗೇ ಇರಲಿ ಬಿಡಿ,” ಎಂದಳು. ಆದರೂ ಒಳಗೆ ಕರೆದಳು. ಏಣಿ ಹೊಸ್ತಿಲಲ್ಲೇ ನಿಂತಳು.

ಗೋಡೆಯ ಅರ್ಧಕ್ಕೆ ಪುಸ್ತಕದ ಕಪಾಟು ತಂದು ನಿಲ್ಲಿಸಿದ್ದರು. ಉಳಿದರ್ಧಕ್ಕೆ ಎರಡು ಕ್ಯಾಲೆಂಡರ್ ತೂಗುಹಾಕಿದ್ದರು, ಒಂದು ಹೋದ ವರ್ಷದ್ದು. ಮುಚ್ಚಲು ಸಿಕ್ಕಿದ್ದರಿಂದೆಲ್ಲ ಮುಚ್ಚಿದ್ದರು. ನಡುವೆ ಉಳಿದ ಪಾಚಿಯ ಬಣ್ಣದ ಮುಂದೆ ಅಜ್ಜ ಕಂಬಳಿ ಹೊದ್ದು ಕೂತಿದ್ದ. ಅವನ ಕೆನ್ನೆಯ ಮೇಲೆಲ್ಲ ಆ ಗೋಡೆಯ ನೆರಳು. ಟೀಚರಮ್ಮ ಆವತ್ತು ಹೇಳಿದ್ದರಲ್ಲಿ ಒಂದಕ್ಷರ ಹೆಚ್ಚಿರಲಿಲ್ಲ.

ಬಣ್ಣದಕ್ಕ ಕೂರದೆ, ನಿಂತೇ ಹೇಳತೊಡಗಿದಳು. ಪೊರೆಯ ಮಾತು ಬರುವಷ್ಟರಲ್ಲಿ ಟೀಚರಮ್ಮನ ಮುಖ ಮೆತ್ತಗಾಯಿತು. “ಅಯ್ಯೋ ಪಾಪ! ಕಣ್ಣಿಗೆ ಹಾಗಾಗಿತ್ತಾ? ಮೊದಲೇ ಹೇಳಬಾರದಿತ್ತಾ? ನಮ್ಮಪ್ಪಂಗೂ ಆಗಿತ್ತು ಪೊರೆ. ಕೂತ್ಕೊಳ್ಳಿ, ಕೂತ್ಕೊಳ್ಳಿ. ಹೋಗ್ಲಿ ಬಿಡಿ, ಯಾರ ತಪ್ಪೂ ಅಲ್ಲ.”

ತಪ್ಪಿಸಿಕೊಳ್ಳುವ ಅದೇ ಬಾಗಿಲು ಮತ್ತೆ ತಾನಾಗಿ ತೆರೆಯಿತು. ಟೀಚರಮ್ಮ ಕುರ್ಚಿಯನ್ನೂ ಎಳೆದು ಕೊಟ್ಟಳು. ಹೊಸ್ತಿಲಲ್ಲಿ ಏಣಿ ತನ್ನ ಕಾಲ ಬೆರಳುಗಳನ್ನೇ ನೋಡುತ್ತಿದ್ದಳು.

“ಇನ್ನೂ ಮುಗಿದಿಲ್ಲ ಟೀಚರಮ್ಮ,” ಎಂದು ಬಣ್ಣದಕ್ಕ ಕುರ್ಚಿಯ ಬೆನ್ನು ಹಿಡಿದುಕೊಂಡಳು. ಪಾರ್ಕಿನಲ್ಲಿ ಹೇಳಿದ್ದು ಅವಳಿಗೆ ಬಾಯಿಪಾಠವಾಗಿರಬೇಕಿತ್ತು. ಆದರೆ ಇಲ್ಲಿ ಮಾತು ಹಿಂದುಮುಂದಾಗಿ, ಎರಡು ಸಲ ಮೊದಲಿನಿಂದ ಶುರು ಮಾಡಬೇಕಾಯಿತು. ಕಾಣದ್ದನ್ನು ಕಂಡೆ ಎಂದದ್ದು. ಮೂಸಿ ನೋಡಿದ್ದು. ಚೀಟಿ ತೋರಿಸಿದ್ದು. “ಇವಳು ನನಗೆ ಫೋನ್ ಮಾಡಿ ಹೇಳಿದ್ಲು, ನೀಲಿ ಆಗ್ತಿದೆ ಅಂತ. ನಾನೇ ಹಚ್ಚು ಅಂದೆ. ಇವಳು ಏನೂ ಕಲಸಿಲ್ಲ. ಅದು ಆವತ್ತೂ ನನಗೆ ಗೊತ್ತಿತ್ತು.”

ಟೀಚರಮ್ಮನ ಮುಖ ನಿಧಾನವಾಗಿ ಬೇರೆಯಾಯಿತು. ನಕಲು ಮಾಡಿ ಸಿಕ್ಕಿಬಿದ್ದ ಮಗುವನ್ನು ನೋಡುವ ಮುಖ. ಬಣ್ಣದಕ್ಕನ ಐವತ್ತೈದು ವರ್ಷ ಆ ನೋಟದ ಮುಂದೆ ಐದಾರು ವರ್ಷಕ್ಕಿಳಿದು ನಿಂತಿತು.

“ನಾನು ನಮ್ಮ ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಹೇಳಿದೀನಲ್ಲ,” ಎಂದಳು ಟೀಚರಮ್ಮ, ಯಾರಿಗೋ ಎಂಬಂತೆ. “ಇಬ್ಬರು ಇವಳಿಗೆ ಒಪ್ಪಿಸಿದ್ದ ಕೆಲಸ ಬಿಡಿಸಿಕೊಂಡ್ರು.”

“ಮೂವರು,” ಎಂದಳು ಏಣಿ ಹೊಸ್ತಿಲಿನಿಂದ.

ಅಜ್ಜ ಕಂಬಳಿಯೊಳಗಿಂದ ಕೈ ಹೊರತೆಗೆದು ತಿರುಗಿಸಿ ನೋಡಿಕೊಂಡ. “ಅಂದ್ರೆ ಸಾಯೋ ಹಾಗೆ ಕಾಣ್ತಿದ್ದಿದ್ದು ಗೋಡೆ ತಪ್ಪಿಗೆ. ನಾನು ಸುಮ್ಮನೆ ಉಯಿಲು ಬರೆಸಿಬಿಟ್ಟೆ,” ಎಂದ. ನಕ್ಕವರು ಯಾರೂ ಇಲ್ಲ. ಏಣಿಯ ತುಟಿಯ ಕೊನೆ ಮಾತ್ರ ಒಂದಿಷ್ಟು ಅಲುಗಿತು.

“ನಾಳೆ ಎಲ್ಲರಿಗೂ ಹೇಳ್ತೀನಿ,” ಎಂದಳು ಟೀಚರಮ್ಮ. “ಇವಳದಲ್ಲ ಅಂತಲೂ ಹೇಳ್ತೀನಿ. ಯಾರದು ಅಂತಲೂ ಹೇಳ್ತೀನಿ.”

ಯಜಮಾನರ ತಗ್ಗಿದ ದನಿ ಬಣ್ಣದಕ್ಕನಿಗೆ ನೆನಪಾಯಿತು. ಇಪ್ಪತ್ತೆರಡು ವರ್ಷದ ಹೆಸರೂ ನೆನಪಾಯಿತು.

“ಹೇಳಿ,” ಎಂದಳು.

ಟೀಚರಮ್ಮ ಹೊಸ್ತಿಲಿನವರೆಗೆ ಹೋಗಿ ಏಣಿಯ ಮುಂದೆ ನಿಂತಳು. ಏನು ಹೇಳುವುದೋ ತಿಳಿಯದೆ, “ಒಳಗೆ ಬಾ,” ಎಂದಳು. ಏಣಿ ಚಪ್ಪಲಿ ಬಿಟ್ಟು ಒಳಗೆ ಬಂದಳು. ಬಂದವಳು ಯಾರನ್ನೂ ನೋಡದೆ ಸೀದಾ ಗೋಡೆಯ ಹತ್ತಿರ ಹೋಗಿ, ಕ್ಯಾಲೆಂಡರನ್ನು ಸರಿಸಿ, ಉಗುರಿನಿಂದ ಮೂಲೆಯಲ್ಲಿ ಕೆರೆದು ನೋಡಿದಳು.

“ಇದಕ್ಕೆ ಈಗ ಏನು ಬಣ್ಣ?” ಎಂದು ಟೀಚರಮ್ಮ ಕೇಳಿದಳು. ಕೇಳಿದ್ದು ಅಭ್ಯಾಸದಂತೆ ಬಣ್ಣದಕ್ಕನ ಕಡೆ ತಿರುಗಿ.

ಬಣ್ಣದಕ್ಕನಿಗೂ ಅಭ್ಯಾಸದಂತೆ ಬಾಯಿ ತೆರೆಯಿತು. ಒಂದು ಕಣ್ಣಿಗೆ ಒಂದು ಗೋಡೆ, ಇನ್ನೊಂದು ಕಣ್ಣಿಗೆ ಇನ್ನೊಂದು. ಯಾವುದರ ಮಾತು ನಂಬುವುದು?

“ನನಗೆ ತಿಳೀತಿಲ್ಲ,” ಎಂದಳು. “ಅವಳನ್ನ ಕೇಳಿ.”

ಏಣಿ ಕಿಟಕಿಯ ಕಡೆ ನೋಡಿದಳು, ಗೋಡೆಯ ಕಡೆ ನೋಡಿದಳು, ಅಜ್ಜನ ಕೈಯನ್ನು ನೋಡಿದಳು. “ಈಗ ಬೆಳಕು ಸಾಲದು. ಬೆಳಗ್ಗೆ ಬಿಸಿಲು ಬಿದ್ದಾಗ ಬಂದು ಹೇಳ್ತೀನಿ,” ಎಂದಳು.

ಹೊರಗೆ ಬಂದ ಮೇಲೆ ಗೇಟಿನ ಹತ್ತಿರ ಬಣ್ಣದಕ್ಕ ಮೆಲ್ಲಗೆ, “ಬೆಳಗ್ಗೆ ನಾನೂ...” ಎಂದಳು.

“ಬೇಡ.” ಏಣಿಯ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಚೆನ್ನಾಗಿತ್ತೇನೋ. “ಅಂಗಡಿಗೆ ಬಂದು ಬಣ್ಣದ ನಂಬರ್ ಹೇಳ್ತೀನಿ. ಮೆಷೀನಿಂದ ಬಂದ ಹಾಗೇ ಕೊಡಿ. ಹನಿ ಹಾಕೋದಿದ್ರೆ ನಾನು ಹಾಕ್ಕೋತೀನಿ.”

ಮಾರನೆಯ ದಿನ ಹತ್ತು ಗಂಟೆಗೆ ಏಣಿ ಅಂಗಡಿಗೆ ಬಂದಳು. ಕೌಂಟರಿ‍ನಲ್ಲಿ ನಾಲ್ಕೈದು ಜನರಿದ್ದರು. ಯಜಮಾನರು ರಸೀದಿ ಪುಸ್ತಕದಿಂದ ತಲೆ ಎತ್ತಲಿಲ್ಲ. ಬೆಳಗ್ಗೆ ಬಾಗಿಲು ತೆಗೆಯುವಾಗಲೇ ಬಣ್ಣದಕ್ಕ ಎಲ್ಲ ಹೇಳಿದ್ದಳು, ಆಗಿನಿಂದ ಅವರು ಅವಳೊಂದಿಗೆ ಮಾತು ಬಿಟ್ಟಿದ್ದರು. ಏಣಿ ಒಂದು ನಂಬರ್ ಹೇಳಿದಳು. ಬಣ್ಣದಕ್ಕ ಒತ್ತಿದಳು. ಮೆಷೀನು ಅಳೆದು ಸುರಿಯಿತು. ಚೀಟಿ ಹೊರಬಂತು. ಪಿಚಕಾರಿ ಕೈಗೆಟುಕುವಷ್ಟು ಹತ್ತಿರದಲ್ಲೇ ಇತ್ತು. ಅವಳ ಬೆರಳುಗಳು ತಾವಾಗಿಯೇ ಆ ಕಡೆ ಸರಿದವು. ಅವುಗಳನ್ನು ಹಿಂದಕ್ಕೆಳೆದು, ಮುಚ್ಚಳ ಬಡಿದು, ಡಬ್ಬಿಯನ್ನು ಕೌಂಟರಿನ ಮೇಲಿಟ್ಟಳು.

ಏಣಿ ಅದನ್ನು ಹಾಗೆಯೇ ಎತ್ತಿಕೊಂಡು ಹೋಗಲಿಲ್ಲ. ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು, ಎಲ್ಲರ ಎದುರಿಗೇ ಮುಚ್ಚಳ ಎಬ್ಬಿಸಿ, ಡಬ್ಬಿಯನ್ನು ಬಾಗಿಲಿನವರೆಗೆ ಒಯ್ದು ಬಿಸಿಲಿನಲ್ಲಿ ಹಿಡಿದು ನೋಡಿದಳು. ಕಡ್ಡಿ ಅದ್ದಿ, ಚೀಟಿಯ ಹಿಂಬದಿಗೆ ಗೆರೆ ಎಳೆದು, ಊದಿ ಒಣಗಿಸಿ, ಮತ್ತೊಮ್ಮೆ ನೋಡಿದಳು. ಕೌಂಟರಿನಲ್ಲಿದ್ದ ಜನ ತಿರುಗಿ ಅವಳನ್ನು ನೋಡಿದರು, ಆಮೇಲೆ ಬಣ್ಣದಕ್ಕನನ್ನು ನೋಡಿದರು.

ಬಣ್ಣದಕ್ಕನ ಕಿವಿಗಳು ಬಿಸಿಯಾದವು. ಅವಳು ತಲೆ ತಗ್ಗಿಸಲಿಲ್ಲ. ಏಣಿ ನೋಡಿ ಮುಗಿಸುವವರೆಗೂ ಕೌಂಟರಿನ ಹಿಂದೆ ನಿಂತೇ ಇದ್ದಳು.